ಕ್ವಾಂಜಾ ಊಟಕ್ಕೆ ಕರೆದಿದ್ದಾರೆ. ಏನಿದು ಹಬ್ಬ? ಏನು ತಗೊಂಡು ಹೋಗಲಿ?

ಅಂಗಳದ ಹಕ್ಕಿ · ಡಿಸೆಂಬರ್ 20

ಎಲ್ಲರಿಗೂ ನಮಸ್ಕಾರ. ನಾವು ಲಾಸ್ ಏಂಜಲೀಸ್‌ಗೆ ಬಂದು ಎರಡು ವರ್ಷ ಆಯಿತು. ಎದುರು ಮನೆಯಲ್ಲಿ ಒಂದು ಆಫ್ರಿಕನ್ ಅಮೆರಿಕನ್ ಕುಟುಂಬ ಇದೆ. ಅಜ್ಜಿ, ಅವರ ಮಗಳು, ಇಬ್ಬರು ಮೊಮ್ಮಕ್ಕಳು. ಚಿಕ್ಕವಳಿಗೂ ನನ್ನ ಮಗಳಿಗೂ ಒಂದೇ ವಯಸ್ಸು, ಎಂಟು. ದಿನಾ ಸಂಜೆ ಒಂದೋ ಅವಳು ನಮ್ಮ ಮನೆಯಲ್ಲಿ, ಇಲ್ಲ ಇವಳು ಅವರ ಮನೆಯಲ್ಲಿ.

ನಿನ್ನೆ ಅಜ್ಜಿ ಬಾಗಿಲಿಗೆ ಬಂದು, 31ರ ರಾತ್ರಿ ಕ್ವಾಂಜಾ ಊಟಕ್ಕೆ ಎಲ್ಲರೂ ಬನ್ನಿ ಅಂದರು. ಖುಷಿಯಿಂದ ಒಪ್ಪಿಕೊಂಡೆ. ಬಾಗಿಲು ಹಾಕಿದ ಮೇಲೆ ಯೋಚನೆ ಶುರುವಾಯಿತು. ಇದು ದೇವರ ಹಬ್ಬವೇ? ಕ್ರಿಸ್‌ಮಸ್‌ಗೆ ಸಂಬಂಧ ಇದೆಯೇ? ಪೂಜೆ ಏನಾದರೂ ಇದ್ದರೆ ನಾವು ಏನು ಮಾಡಬೇಕು? ಬರಿಗೈಲಿ ಹೋಗಿ ಅಭ್ಯಾಸ ಇಲ್ಲ, ಆದರೆ ಅಂಗಡಿಯ ಸ್ವೀಟ್ ಬಾಕ್ಸ್ ಸರಿಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ನಾವು ಮನೆಮಂದಿಯೆಲ್ಲ ಸಸ್ಯಾಹಾರಿಗಳು. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಎರಡು ಸಾಲು ಓದಿಕೊಂಡು ಹೋಗಿ ತಲೆ ಆಡಿಸಿ ಬರಲು ಮನಸ್ಸಿಲ್ಲ.

ಕೆಂಪು ದಾಸವಾಳ · ಡಿಸೆಂಬರ್ 20

ಒಳ್ಳೆಯ ದಿನಕ್ಕೇ ಕರೆದಿದ್ದಾರೆ. ಕ್ವಾಂಜಾ ಏಳು ದಿನದ ಹಬ್ಬ. ಡಿಸೆಂಬರ್ 26ಕ್ಕೆ ಶುರು, ಜನವರಿ 1ಕ್ಕೆ ಮುಗಿಯುತ್ತದೆ. 31ರ ರಾತ್ರಿಯದು ದೊಡ್ಡ ಊಟ, ಅದಕ್ಕೆ ಕರಾಮು ಎನ್ನುತ್ತಾರೆ. ನಾನು ಓಕ್‌ಲ್ಯಾಂಡ್‌ಗೆ ಬಂದು 22 ವರ್ಷ. ಮೊದಲು ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಗೆಳತಿಯ ಮನೆಗೆ ಹೆಚ್ಚುಕಡಿಮೆ ಪ್ರತಿ ವರ್ಷ ಹೋಗುತ್ತೇನೆ. ಅಲ್ಲಿ ಕಂಡದ್ದು, ಆಮೇಲೆ ಓದಿಕೊಂಡದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಇದು ದೇವರ ಹಬ್ಬ ಅಲ್ಲ. ಚರ್ಚಿಗೆ ಹೋಗುವವರು, ಮಸೀದಿಗೆ ಹೋಗುವವರು, ಎಲ್ಲಿಗೂ ಹೋಗದವರು, ಎಲ್ಲರೂ ಮಾಡುತ್ತಾರೆ. ನನ್ನ ಗೆಳತಿಯ ಮನೆಯಲ್ಲಿ ಕ್ರಿಸ್‌ಮಸ್ ಮರ ಇನ್ನೂ ತೆಗೆದಿರುವುದಿಲ್ಲ, ಅದರ ಪಕ್ಕದಲ್ಲೇ ಕ್ವಾಂಜಾ ಮೇಜು. ಶುರುವಿನ ವರ್ಷಗಳಲ್ಲಿ ಇದನ್ನು ಕ್ರಿಸ್‌ಮಸ್‌ಗೆ ಬದಲಿ ಎನ್ನುವ ಹಾಗೆ ಹೇಳುತ್ತಿದ್ದರು, ಅದು ನಿಜ. ಆದರೆ 1997ರ ಹೊತ್ತಿಗೆ ಹಬ್ಬವನ್ನು ಶುರು ಮಾಡಿದವರೇ, ಇದು ಯಾರ ಧರ್ಮಕ್ಕೂ ಬದಲಿ ಅಲ್ಲ ಎಂದು ಸ್ಪಷ್ಟವಾಗಿ ಬರೆದರು.

ಹುಟ್ಟಿದ್ದು ನೀವಿರುವ ಊರಲ್ಲೇ. 1965ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಎಂಬ ಕಡೆ ಪೊಲೀಸರು ಒಬ್ಬ ಕಪ್ಪು ಯುವಕನ ಕಾರನ್ನು ತಡೆದರು. ಅಲ್ಲಿ ಎದ್ದ ಗಲಾಟೆ ಆರು ದಿನ ಊರನ್ನು ಸುಟ್ಟಿತು. 34 ಜನ ಸತ್ತರು. ಅದೇ ವರ್ಷ ಫೆಬ್ರವರಿಯಲ್ಲಿ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಅವರನ್ನು ಕೊಂದಿದ್ದರು. ಇಷ್ಟೆಲ್ಲ ಆದ ಮೇಲೆ ಉಳಿದವರು ಏನು ಕಟ್ಟಬೇಕು ಎಂಬ ಪ್ರಶ್ನೆ ಆ ಊರಿನ ಕಪ್ಪು ಯುವಕರ ಮುಂದೆ ಇತ್ತು. ಅವರಲ್ಲಿ ಒಬ್ಬರು ಮೌಲಾನಾ ಕರೆಂಗಾ. ಹುಟ್ಟಿದಾಗಿನ ಹೆಸರು ರೊನಾಲ್ಡ್ ಎವೆರೆಟ್. ಆಫ್ರಿಕಾದ ಬಗ್ಗೆ ಓದಿದ್ದರು, ಸ್ವಾಹಿಲಿ ಕಲಿತಿದ್ದರು. ವಾಟ್ಸ್ ಗಲಭೆಯ ನಂತರ 'ಅಸ್' ಎಂಬ ಸಂಘಟನೆ ಕಟ್ಟಿದರು. 1966ರ ಡಿಸೆಂಬರ್ 26ರಂದು ಮೊದಲ ಕ್ವಾಂಜಾ ನಡೆಯಿತು.

ಹೆಸರು ಬಂದಿದ್ದು ಸ್ವಾಹಿಲಿಯ 'ಮಟುಂಡಾ ಯಾ ಕ್ವಾಂಜಾ' ಎನ್ನುವ ಮಾತಿನಿಂದ. ಮೊದಲ ಫಲ ಎಂದು ಅರ್ಥ. ದಕ್ಷಿಣ ಆಫ್ರಿಕಾದ ಜೂಲು ಜನರಲ್ಲಿ, ಸ್ವಾಜಿ ಜನರಲ್ಲಿ ವರ್ಷದ ಈ ಹೊತ್ತಿಗೆ ಹೊಸ ಫಸಲಿನ ಹಬ್ಬ ಇದೆ. ಅಲ್ಲಿ ಈಗ ಬೇಸಿಗೆ ಅಲ್ವಾ. ಕೊಡಗಿನವರಿಗೆ ಹುತ್ತರಿ ಅಂದರೆ ಏನು ಎಂದು ಗೊತ್ತಿದ್ದರೆ ಈ ಭಾವನೆ ಏನೆಂದು ಬೇರೆ ವಿವರಿಸಬೇಕಾಗಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಮಾತ್ರ ಈ ಹಬ್ಬದ ಹೆಸರಿಗೆ ಕೊನೆಯಲ್ಲಿ ಒಂದು 'ಎ' ಜಾಸ್ತಿ ಇರುತ್ತದೆ. ಶುರುವಿನ ಹಬ್ಬದಲ್ಲಿ ಏಳು ಮಕ್ಕಳಿದ್ದರಂತೆ, ಒಬ್ಬೊಬ್ಬರೂ ಒಂದೊಂದು ಅಕ್ಷರ ಹಿಡಿದು ನಿಲ್ಲಬೇಕು ಅಂದಾಗ ಆರೇ ಅಕ್ಷರ ಇತ್ತಂತೆ. ಒಂದು ಮಗುವಿಗೆ ಬೇಜಾರಾಗಬಾರದು ಎಂದು ಅಕ್ಷರ ಸೇರಿಸಿದರು ಎನ್ನುತ್ತಾರೆ. ನನಗೆ ಬಹಳ ಇಷ್ಟವಾದ ಕತೆ ಇದು.

ಮೇಜಿನ ಮೇಲೆ ಏನಿರುತ್ತದೆ ಎಂದು ನಾಳೆ ಬರೆಯುತ್ತೇನೆ. ಅಡುಗೆ ಆಗಬೇಕು.

ಬಿಳಿ ನೂಲು · ಡಿಸೆಂಬರ್ 21

ತಪ್ಪು ತಿಳಿಯಬೇಡಿ, ನಿಜವಾಗಿಯೂ ತಿಳಿಯಲು ಕೇಳುತ್ತಿದ್ದೇನೆ. 1966 ಅಂದರೆ ನಮ್ಮ ಅಪ್ಪ ಶಾಲೆಗೆ ಹೋಗುತ್ತಿದ್ದ ಕಾಲ. ಒಬ್ಬ ವ್ಯಕ್ತಿ ಕೂತು, ಇಷ್ಟು ದಿನ, ಇಷ್ಟು ದೀಪ, ಈ ಬಣ್ಣ ಎಂದು ಬರೆದಿಟ್ಟದ್ದು ಹಬ್ಬ ಹೇಗೆ ಆಗುತ್ತದೆ? ಹಬ್ಬ ತಾನಾಗಿ ಬೆಳೆದು ಬರಬೇಕಲ್ವಾ? ಇನ್ನೊಂದು, ಅಮೆರಿಕದ ಕಪ್ಪು ಜನರ ಹಿರಿಯರು ಪಶ್ಚಿಮ ಆಫ್ರಿಕಾದವರು ಎಂದು ಓದಿದ್ದೆ. ಸ್ವಾಹಿಲಿ ಪೂರ್ವ ಕರಾವಳಿಯ ಭಾಷೆ. ಇವರ ಮನೆಗಳಲ್ಲಿ ಯಾವ ಕಾಲಕ್ಕೂ ಆಡದ ಭಾಷೆಯಲ್ಲಿ ಹಬ್ಬದ ಹೆಸರೆಲ್ಲ ಯಾಕೆ?

ಹಳೇ ಕಂಬಳಿ · ಡಿಸೆಂಬರ್ 21

ಎರಡೂ ಒಳ್ಳೆಯ ಪ್ರಶ್ನೆ. ಎರಡಕ್ಕೂ ಒಂದೇ ಕಡೆ ಉತ್ತರ ಇದೆ ಎಂದು ನನಗೆ ಅನಿಸುತ್ತದೆ. ನಾನು ಇತಿಹಾಸ ಪಾಠ ಮಾಡುವವನು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಆಫ್ರಿಕಾದಿಂದ ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ಗುಲಾಮರಾಗಿ ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು. ಅದರಲ್ಲಿ ನೇರವಾಗಿ ಉತ್ತರ ಅಮೆರಿಕದಲ್ಲಿ ಇಳಿಸಿದ್ದು ಸುಮಾರು 4 ಲಕ್ಷ. ಬೇರೆ ಬೇರೆ ಊರು, ಬೇರೆ ಬೇರೆ ಭಾಷೆ. ಮಾರುವಾಗ ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ. ಹೆಸರು ಬದಲಾಯಿತು. ಹಲವು ಕಡೆ ಡೋಲು ಬಾರಿಸುವುದಕ್ಕೂ ಕಾನೂನಿನ ತಡೆ ಇತ್ತು. ಈಗ ಒಂದು ಸಣ್ಣ ವಿಷಯ ಹೇಳುತ್ತೇನೆ, ನನಗೆ ಇಡೀ ಇತಿಹಾಸವೇ ಅದರಲ್ಲಿ ಕಾಣುತ್ತದೆ. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರು ಇದೆ. ಅದರ ಕೆಳಗೆ ಇರುವುದು ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಗುಲಾಮರ ಹೆಸರು ಹೆಚ್ಚುಕಡಿಮೆ ಎಲ್ಲೂ ಇಲ್ಲ. ಆ ಕುಟುಂಬಗಳ ಬಹುಪಾಲು ಜನ ಮೊದಲ ಸಲ ಹೆಸರಿನ ಜೊತೆ ಜನಗಣತಿಗೆ ಬಂದದ್ದು 1870ರಲ್ಲಿ. ಮನೆತನದ ಬೇರು ಹುಡುಕುತ್ತಾ ಹೋದ ಎಷ್ಟೋ ಜನ ಅಲ್ಲಿಗೆ ಬಂದು ನಿಲ್ಲುತ್ತಾರೆ. ಅದನ್ನು '1870ರ ಗೋಡೆ' ಎಂದೇ ಕರೆಯುತ್ತಾರೆ.

ಹಾಗಿರುವಾಗ ಹಬ್ಬ ತಾನಾಗಿ ಬೆಳೆದು ಬರಬೇಕು ಅಂದರೆ ಎಲ್ಲಿಂದ ಬರಬೇಕು? ಮುತ್ತಜ್ಜಿ ಯಾವ ಊರಿನವಳು, ಯಾವ ಮಾತು ಆಡುತ್ತಿದ್ದಳು, ಯಾವ ತಿಂಗಳಲ್ಲಿ ಹೊಸ ಕಾಳು ಮನೆಗೆ ತರುತ್ತಿದ್ದಳು, ಒಂದೂ ಗೊತ್ತಿಲ್ಲ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಹಬ್ಬ ತಗೊಳ್ಳೋಣ ಅಂದರೆ ನಮ್ಮವರು ಯೊರುಬಾ ಆಗಿದ್ದರೋ ಅಕಾನ್ ಆಗಿದ್ದರೋ ಕಾಂಗೋದವರೋ? ಒಂದನ್ನು ಆರಿಸಿದರೆ ಉಳಿದವರು ಹೊರಗೆ. ಸ್ವಾಹಿಲಿ ಆರಿಸಿದ್ದು ಅದಕ್ಕೇ. ಅದು ಒಂದೇ ಬುಡಕಟ್ಟಿನ ಭಾಷೆ ಅಲ್ಲ, ಹಲವು ದೇಶದ ಜನ ನಡುವೆ ಆಡುವ ಭಾಷೆ. ಅರವತ್ತರ ದಶಕ ಆಫ್ರಿಕಾದ ದೇಶಗಳಿಗೆ ಸ್ವಾತಂತ್ರ್ಯ ಬರುತ್ತಿದ್ದ ಕಾಲ. ಟಾಂಜಾನಿಯಾದಲ್ಲಿ ಅಧ್ಯಕ್ಷ ನ್ಯೆರೆರೆ ಅವರು 'ಉಜಾಮಾ' ಎನ್ನುತ್ತಿದ್ದರು, ಕೆನ್ಯಾದಲ್ಲಿ ಅಧ್ಯಕ್ಷ ಕೆನ್ಯಾಟಾ ಅವರು 'ಹರಾಂಬೇ' ಎನ್ನುತ್ತಿದ್ದರು. ಆ ಮಾತುಗಳು ಸಮುದ್ರ ದಾಟಿ ಇಲ್ಲಿಗೆ ಬಂದವು. ಎರಡೂ ಇವತ್ತಿಗೂ ಈ ಹಬ್ಬದಲ್ಲಿ ಇವೆ.

ಇದು ಪೂರ್ವ ಆಫ್ರಿಕಾದ ಭಾಷೆ ಎನ್ನುವ ಟೀಕೆ ಕಪ್ಪು ವಿದ್ವಾಂಸರಿಂದಲೇ ಬಂದಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಳೆದುಕೊಂಡ ಭಾಷೆ ಯಾವುದೆಂದೇ ಗೊತ್ತಿಲ್ಲದವರು ಕೈಗೆ ಸಿಕ್ಕ ಒಂದು ಭಾಷೆಯನ್ನು ಪ್ರೀತಿಯಿಂದ ಎತ್ತಿಕೊಂಡರೆ ನಾನು ಅದನ್ನು ಸುಳ್ಳು ಎನ್ನಲಾರೆ.

ಕೆಂಪು ದಾಸವಾಳ · ಡಿಸೆಂಬರ್ 21

ಕಂಬಳಿಯವರೇ, ಜನಗಣತಿಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನೂಲು ಅವರಿಗೆ ನನ್ನ ಕಡೆಯಿಂದ ಒಂದು ಮಾತು. ನಮ್ಮ ಮನೆಯಲ್ಲಿ ಎಷ್ಟೋ ಹಬ್ಬದ ಎಷ್ಟೋ ಕೆಲಸಕ್ಕೆ ಕಾರಣ ಕೇಳಿದರೆ, ಅಜ್ಜಿ ಮಾಡುತ್ತಿದ್ದರು, ಅದಕ್ಕೆ ಮಾಡುತ್ತೇವೆ ಎನ್ನುತ್ತೇವೆ. ಕ್ವಾಂಜಾದಲ್ಲಿ ಹಾಗೆ ಹೇಳಲು ಆಗುವುದಿಲ್ಲ. ಚಾಪೆ ಯಾಕೆ, ಜೋಳದ ತೆನೆ ಯಾಕೆ, ಈ ದೀಪ ಯಾಕೆ ಕೆಂಪು ಎಂದು ಪ್ರತಿ ವರ್ಷ, ಪ್ರತಿ ರಾತ್ರಿ, ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು, ಸಾಮಾನ್ಯವಾಗಿ ಮಕ್ಕಳಿಂದ ಹೇಳಿಸುತ್ತಾರೆ. ಹಾಗೆ ಹೇಳುವುದೇ ಹಬ್ಬದ ದೊಡ್ಡ ಭಾಗ. ಹೊಸ ಹಬ್ಬ ಆಗಿರುವುದರಿಂದಲೇ ಇದು ಬಂತು ಎಂದು ನನಗೆ ಅನಿಸುತ್ತದೆ.

ಈಗ ಮೇಜಿಗೆ ಬರುತ್ತೇನೆ. ಕೆಳಗೆ ಹಾಸುವುದು ಎಂಕೇಕಾ, ಅಂದರೆ ಚಾಪೆ. ಹುಲ್ಲಿನದೋ ಬಟ್ಟೆಯದೋ. ಅದು ಹಿಂದಿನವರ ಇತಿಹಾಸ, ಉಳಿದದ್ದೆಲ್ಲ ಅದರ ಮೇಲೇ ಕೂರಬೇಕು. ಅದರ ಮೇಲೆ ಕಿನಾರಾ, ಏಳು ಮೇಣದ ಬತ್ತಿ ನಿಲ್ಲಿಸುವ ಮರದ ದೀಪದ ಕಂಬ. ನಡುವೆ ಒಂದು ಕಪ್ಪು, ಎಡಕ್ಕೆ ಮೂರು ಕೆಂಪು, ಬಲಕ್ಕೆ ಮೂರು ಹಸಿರು. ಕಪ್ಪು ಎಂದರೆ ಜನ. ಕೆಂಪು ಎಂದರೆ ಹೋರಾಟ. ಹಸಿರು ಎಂದರೆ ಆ ಹೋರಾಟದಿಂದ ಬರುವ ನಾಳೆ. ಈ ಮೂರು ಬಣ್ಣ 1966ಕ್ಕಿಂತ ಹಳೆಯವು, 1920ರಲ್ಲೇ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವೆ ಅವರ ಸಂಘ ಇದೇ ಬಣ್ಣಗಳ ಬಾವುಟ ಹಿಡಿದಿತ್ತು. ಮೊದಲ ದಿನ ಕಪ್ಪು ಬತ್ತಿ ಮಾತ್ರ ಹಚ್ಚುತ್ತಾರೆ. ಆಮೇಲೆ ದಿನಕ್ಕೊಂದು. ಕೆಲವರು ಎಡದಿಂದ ಬಲಕ್ಕೆ ಹೋಗುತ್ತಾರೆ, ಕೆಲವರು ಒಂದು ಕೆಂಪು ಒಂದು ಹಸಿರು ಎಂದು ಬದಲಿಸುತ್ತಾರೆ.

ಹಣ್ಣು, ತರಕಾರಿ ಇರುತ್ತದೆ, ಅದು ಫಸಲು. ಮುಸುಕಿನ ಜೋಳದ ತೆನೆ, ಮನೆಯಲ್ಲಿ ಎಷ್ಟು ಮಕ್ಕಳೋ ಅಷ್ಟು. ಮಕ್ಕಳಿಲ್ಲದ ಮನೆಯಲ್ಲೂ ಒಂದು ತೆನೆ ಇಡಬೇಕು, ಏಕೆಂದರೆ ಊರಿನ ಮಕ್ಕಳೆಲ್ಲ ಎಲ್ಲರ ಮಕ್ಕಳು. ನನಗೆ ಮಕ್ಕಳಿಲ್ಲ. ಮೊದಲ ವರ್ಷ ನನ್ನ ಗೆಳತಿ ಒಂದು ತೆನೆ ನನ್ನ ಕೈಗೆ ಕೊಟ್ಟು ನೀನೇ ಇಡು ಅಂದಳು. ಅದನ್ನು ಮರೆತಿಲ್ಲ.

ಆಮೇಲೆ ಕಿಕೋಂಬೆ ಚಾ ಉಮೋಜಾ, ಒಗ್ಗಟ್ಟಿನ ಬಟ್ಟಲು. ಅದರ ವಿಷಯ ನೀವೇ ನೋಡಿ ಬನ್ನಿ. ಮತ್ತೆ ಜವಾದಿ ಅಂದರೆ ಉಡುಗೊರೆ. ಮುಖ್ಯವಾಗಿ ಮಕ್ಕಳಿಗೆ. ಅದರಲ್ಲಿ ಒಂದು ಪುಸ್ತಕ ಇರಲೇಬೇಕು, ತಮ್ಮ ಪರಂಪರೆಯನ್ನು ನೆನಪಿಸುವ ಒಂದು ವಸ್ತುವೂ ಇರಬೇಕು. ಕೈಯಲ್ಲಿ ಮಾಡಿದ್ದಾದರೆ ಇನ್ನೂ ಒಳ್ಳೆಯದು. ದುಬಾರಿ ಸಾಮಾನು ಬೇಡ.

ಜೋಳದ ತೆನೆ · ಡಿಸೆಂಬರ್ 22

ನನ್ನ ಹೆಸರಿಗೆ ಸರಿಯಾಗಿ ಜೋಳದ ಮಾತು ಬಂತು. ನಾನು ಕೆಲವು ವರ್ಷ ನೈರೋಬಿಯಲ್ಲಿ ಇದ್ದೆ, ಸ್ವಾಹಿಲಿ ಅಲ್ಪ ಸ್ವಲ್ಪ ಬರುತ್ತದೆ. ಹಬ್ಬದಲ್ಲಿ ತೆನೆಗೆ 'ಮುಹಿಂದಿ' ಎನ್ನುತ್ತಾರೆ. ಸ್ವಾಹಿಲಿಯಲ್ಲಿ ಭಾರತದವರಿಗೆ ಹೇಳುವ ಹೆಸರು 'ಮ್ಹಿಂದಿ'. ಮೊದಲ ಸಲ ಅಂಗಡಿಯಲ್ಲಿ ಕೇಳಿದಾಗ ನನ್ನನ್ನೇ ಕರೆದರು ಎಂದು ತಿರುಗಿದ್ದೆ.

ಈ ಹಬ್ಬದಲ್ಲಿ ಎದುರಾದವರಿಗೆ 'ಹಬಾರಿ ಗಾನಿ?' ಎಂದು ಕೇಳುತ್ತಾರೆ. ಏನು ಸುದ್ದಿ ಎಂದು. ಈ ಹಬಾರಿ ಅರಬ್ಬಿಯಿಂದ ಬಂದದ್ದು, ನಮ್ಮ ಕಡೆ, ಉತ್ತರ ಕರ್ನಾಟಕದಲ್ಲಿ, 'ಏನ್ ಖಬರ್' ಅನ್ನುತ್ತೇವಲ್ಲ, ಅದೇ ಖಬರ್. ಅದಕ್ಕೆ ಆರಾಮ, ಚೆನ್ನಾಗಿದ್ದೇನೆ ಎಂದು ಉತ್ತರ ಕೊಡಬಾರದು. ಆ ದಿನದ ತತ್ವದ ಹೆಸರು ಹೇಳಬೇಕು. ಏಳು ದಿನಕ್ಕೆ ಏಳು ತತ್ವ, ಎಲ್ಲ ಸೇರಿ 'ಎಂಗೂಜೋ ಸಾಬಾ'. 26ಕ್ಕೆ ಉಮೋಜಾ, ಒಗ್ಗಟ್ಟು. 27ಕ್ಕೆ ಕುಜಿಚಾಗುಲಿಯಾ, ನಮ್ಮ ಹೆಸರನ್ನು ನಾವೇ ಇಟ್ಟುಕೊಳ್ಳುವುದು, ನಮ್ಮ ಮಾತನ್ನು ನಾವೇ ಆಡುವುದು. ಕಂಬಳಿಯವರು ಹೇಳಿದ್ದನ್ನು ಓದಿದ ಮೇಲೆ ಈ ಎರಡನೇ ದಿನದ ತೂಕ ನನಗೆ ಈಗ ಗೊತ್ತಾಯಿತು. 28 ಉಜಿಮಾ, ಒಬ್ಬರ ಕಷ್ಟವನ್ನು ಎಲ್ಲರದೂ ಎಂದು ಹೊರುವುದು. 29 ಉಜಾಮಾ, ನಮ್ಮವರ ಅಂಗಡಿ, ನಮ್ಮವರ ದುಡಿಮೆಯನ್ನು ಒಟ್ಟಾಗಿ ಬೆಳೆಸುವುದು. 30 ನಿಯಾ, ಗುರಿ. 31ಕ್ಕೆ ಕುಉಂಬಾ, ಏನಾದರೂ ಹೊಸದನ್ನು ಮಾಡುವುದು, ಸಿಕ್ಕಿದ್ದಕ್ಕಿಂತ ಚೆಂದವಾಗಿ ಬಿಟ್ಟುಹೋಗುವುದು. ಕೊನೆಗೆ ಇಮಾನಿ, ನಂಬಿಕೆ. ಇದೂ ಅರಬ್ಬಿಯ ಈಮಾನ್‌ನಿಂದಲೇ. ನೀವು ಹೋಗುವ ರಾತ್ರಿ ಯಾರಾದರೂ ಹಬಾರಿ ಗಾನಿ ಅಂದರೆ 'ಕುಉಂಬಾ' ಅನ್ನಿ. ಮಗಳಿಗೂ ಹೇಳಿಕೊಡಿ.

ಇನ್ನು ಊಟ. ಅಲಸಂದೆ ಕಾಳಿನ ಉಸಲಿ ಮಾಡಿಕೊಂಡು ಹೋಗಿ. ಸುಮ್ನೆ ಹೇಳುತ್ತಿಲ್ಲ. ಅಲಸಂದೆ ಆಫ್ರಿಕಾದ ಬೆಳೆ. ಗುಲಾಮರ ಹಡಗಿನ ಜೊತೆ ಅಮೆರಿಕಕ್ಕೆ ಬಂತು, ಈಗ ದಕ್ಷಿಣದ ರಾಜ್ಯಗಳಲ್ಲಿ ಹೊಸ ವರ್ಷದ ದಿನ ಅದನ್ನು ತಿಂದರೆ ಶುಭ ಎನ್ನುತ್ತಾರೆ. ಅದೇ ಕಾಳು ಅದಕ್ಕಿಂತ ಎಷ್ಟೋ ಹಿಂದೆ ನಮ್ಮ ಕಡೆಗೂ ಬಂದಿತ್ತು. ರಾಗಿಯೂ ಹಾಗೇ, ಪೂರ್ವ ಆಫ್ರಿಕಾದ ಎತ್ತರದ ಊರುಗಳದ್ದು. ಬಿಳಿ ಜೋಳವೂ ಅಲ್ಲಿಯದೇ. ನಮ್ಮ ರೊಟ್ಟಿ, ಮುದ್ದೆ ಎರಡರ ತವರೂ ಆಫ್ರಿಕಾ.

ಒಂದು ಎಚ್ಚರಿಕೆ. ಕರಾಮು ಊಟದಲ್ಲಿ ಬೇಯಿಸಿದ ಸೊಪ್ಪು ಇರುತ್ತದೆ, ನೋಡಲು ನಮ್ಮ ಸೊಪ್ಪಿನ ಪಲ್ಯದ ಹಾಗೆ. ಅದರಲ್ಲಿ ಹೊಗೆ ಹಿಡಿಸಿದ ಟರ್ಕಿಯೋ ಹಂದಿಯೋ ಹಾಕಿರುವುದು ಸಾಮಾನ್ಯ. ಗಂಬೋ ಎನ್ನುವ ಗಟ್ಟಿ ಸಾರಿನಲ್ಲೂ ಸೀಗಡಿ, ಮಾಂಸ ಇರುತ್ತದೆ. ಆ ಗಂಬೋ ಅನ್ನುವ ಹೆಸರೇ ಮಧ್ಯ ಆಫ್ರಿಕಾದ ಭಾಷೆಯಲ್ಲಿ ಬೆಂಡೆಕಾಯಿಗೆ ಇರುವ ಮಾತಿನಿಂದ ಬಂದದ್ದು. ಮೊದಲೇ ಅಜ್ಜಿಗೆ ಹೇಳಿಬಿಡಿ, ಊಟಕ್ಕೆ ಕೂತ ಮೇಲೆ ಹೇಳಿದರೆ ಅವರಿಗೆ ನೋವಾಗುತ್ತದೆ.

ಹಳೇ ಕಂಬಳಿ · ಡಿಸೆಂಬರ್ 22

ಇಷ್ಟು ಹೇಳಿದ ಮೇಲೆ ಒಂದು ವಿಷಯ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಕರೆಂಗಾ ಅವರಿಗೆ 1971ರಲ್ಲಿ ಶಿಕ್ಷೆ ಆಯಿತು. ತಮ್ಮದೇ ಸಂಘಟನೆಯ ಇಬ್ಬರು ಹೆಣ್ಣುಮಕ್ಕಳನ್ನು ಕೂಡಿಹಾಕಿ ಹಿಂಸಿಸಿದ ಪ್ರಕರಣ. 1975ರಲ್ಲಿ ಬಿಡುಗಡೆ ಆಗಿ ಮುಂದೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಅದಕ್ಕೂ ಮುಂಚೆ, 1969ರ ಜನವರಿಯಲ್ಲಿ, ಅವರ ಸಂಘಟನೆಗೂ, ಕಪ್ಪು ಜನರದೇ ಇನ್ನೊಂದು ಹೋರಾಟದ ಗುಂಪಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷಕ್ಕೂ ನಡುವಿನ ಜಗಳದಲ್ಲಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆವರಣದಲ್ಲೇ ಪ್ಯಾಂಥರ್ ಪಕ್ಷದ ಇಬ್ಬರು ಯುವಕರು ಗುಂಡೇಟಿಗೆ ಸತ್ತರು. ಆ ಜಗಳಕ್ಕೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಸುಳ್ಳು ಪತ್ರ, ಸುಳ್ಳು ಚಿತ್ರ ಕಳಿಸಿ ತುಪ್ಪ ಸುರಿದಿತ್ತು ಎನ್ನುವುದೂ ಆಮೇಲೆ ಹೊರಬಂತು.

ಕ್ವಾಂಜಾ ಬೇಡ ಎನ್ನುವ ಕಪ್ಪು ಜನ ಕೆಲವರು ಹೇಳುವ ಕಾರಣ ಇದು. ಒಪ್ಪಬೇಕಾದ ಕಾರಣವೇ.

ಬಿಳಿ ನೂಲು · ಡಿಸೆಂಬರ್ 22

ಇದು ಗೊತ್ತಿರಲಿಲ್ಲ. ಈಗ ಇನ್ನೂ ಕಷ್ಟ ಆಯಿತು. ಒಗ್ಗಟ್ಟು ಎಂದು ಹೇಳಿಕೊಟ್ಟವರು ಹೆಣ್ಣುಮಕ್ಕಳಿಗೆ ಹೀಗೆ ಮಾಡಿದ್ದರೆ, ಆ ದೀಪ ಹಚ್ಚುವಾಗ ಮನೆಯ ಹೆಂಗಸರಿಗೆ ಏನು ಅನಿಸುತ್ತದೆ?

ಕೆಂಪು ದಾಸವಾಳ · ಡಿಸೆಂಬರ್ 23

ನಾನು ಇದನ್ನು ನನ್ನ ಗೆಳತಿಯನ್ನೇ ಕೇಳಿದ್ದೆ, ಎಷ್ಟೋ ವರ್ಷದ ಹಿಂದೆ. ಅವಳಿಗೆ ಎಲ್ಲ ಗೊತ್ತಿತ್ತು. ಸಿಟ್ಟೂ ಇತ್ತು. ಅವಳು ಹೇಳಿದ್ದು ಇಷ್ಟು. ಈ ಹಬ್ಬವನ್ನು ನನಗೆ ಕೊಟ್ಟವರು ಆತ ಅಲ್ಲ, ನಮ್ಮಮ್ಮ. ನಮ್ಮಮ್ಮ ಶಾಲೆಯ ಟೀಚರ್, ಎಪ್ಪತ್ತರ ದಶಕದಲ್ಲಿ ಅಡುಗೆಮನೆಯ ಮೇಜಿನ ಮೇಲೆ ಕಾಗದ ಅಂಟಿಸಿ ಬಾವುಟ ಮಾಡಿದಳು, ಬಾಟಲಿಯಲ್ಲಿ ಮೇಣದ ಬತ್ತಿ ನಿಲ್ಲಿಸಿದಳು. ನಾನು ಅವಳ ಹಬ್ಬವನ್ನು ಮಾಡುತ್ತೇನೆ.

ಇದು ಎಲ್ಲರ ಉತ್ತರ ಅಲ್ಲ. ಬಿಟ್ಟವರೂ ಇದ್ದಾರೆ. ಆದರೆ ಹಬ್ಬ ಒಬ್ಬರ ಕೈಯಿಂದ ದೇಶಕ್ಕೆಲ್ಲ ಹರಡಿದ್ದು ಇಂಥ ಅಮ್ಮಂದಿರು, ಟೀಚರ್‌ಗಳು, ಪುಸ್ತಕದ ಅಂಗಡಿಯವರು, ಊರಿನ ಸಂಘಗಳಿಂದ. ನ್ಯೂವಾರ್ಕ್‌ನಲ್ಲಿ ಕವಿ ಅಮಿರಿ ಬರಾಕಾ ಮುಂದೆ ನಿಂತು ಮಾಡಿಸಿದರು. ಅಂಚೆ ಚೀಟಿ ಬಂದದ್ದು 1997ರಲ್ಲಿ, ಅಧ್ಯಕ್ಷ ಕ್ಲಿಂಟನ್ ಶುಭಾಶಯ ಹೇಳಿದ್ದೂ ಅದೇ ವರ್ಷ. ಅಂದರೆ ಅದಕ್ಕೂ ಮುಂಚೆ 30 ವರ್ಷ ಇದು ಮನೆಮನೆಗಳಲ್ಲಿ, ಊರಿನ ಸಂಘಗಳಲ್ಲಿ ನಡೆದಿತ್ತು.

ಮತ್ತೊಂದು ಮಾತು, ಹಕ್ಕಿಯವರಿಗೆ. ಎಲ್ಲ ಆಫ್ರಿಕನ್ ಅಮೆರಿಕನ್ನರೂ ಕ್ವಾಂಜಾ ಮಾಡುವುದಿಲ್ಲ. ಮಾಡದವರೇ ಜಾಸ್ತಿ. ಹಾಗಾಗಿ ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಹ್ಯಾಪಿ ಕ್ವಾಂಜಾ ಎನ್ನಬೇಡಿ.

ಘಟ್ಟದ ದಾರಿ · ಡಿಸೆಂಬರ್ 23

ಜೂನ್‌ಟೀಂತ್ ಅಂತ ಒಂದು ಕೇಳಿದ್ದೆ, ಅದೂ ಇದೂ ಒಂದೇನಾ?

ಇನ್ನೊಂದು. ನಾನು ಯಲ್ಲಾಪುರದವನು. ನಮ್ಮ ಸುತ್ತ ಸಿದ್ದಿ ಜನ ಇದ್ದಾರೆ. ಅವರ ಹಿರಿಯರನ್ನೂ ಆಫ್ರಿಕಾದಿಂದ ಪೋರ್ಚುಗೀಸರು ಗೋವಾಕ್ಕೆ ಗುಲಾಮರನ್ನಾಗಿ ತಂದರು, ತಪ್ಪಿಸಿಕೊಂಡವರು, ಬಿಡುಗಡೆ ಆದವರು ನಮ್ಮ ಕಾಡಿಗೆ ಬಂದರು ಎಂದು ಓದಿದ್ದೇನೆ. ಇದನ್ನೆಲ್ಲ ಓದುವಾಗ ಅವರದೇ ನೆನಪು. ಅವರು ಇಂಥ ಹಬ್ಬ ಏನಾದರೂ ಮಾಡುತ್ತಾರಾ?

ಹಳೇ ಕಂಬಳಿ · ಡಿಸೆಂಬರ್ 23

ಒಂದೇ ಅಲ್ಲ. ಜೂನ್‌ಟೀಂತ್ ಎಂದರೆ ಜೂನ್ 19. 1865ರ ಆ ದಿನ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮರೆಲ್ಲ ಸ್ವತಂತ್ರರು ಎಂದು ಸೇನೆಯ ಆದೇಶ ಸಾರಿದರು. 2021ರಿಂದ ಅದಕ್ಕೆ ರಾಷ್ಟ್ರೀಯ ರಜೆ ಇದೆ. ಕ್ವಾಂಜಾಕ್ಕೆ ರಜೆ ಇಲ್ಲ.

ಸಿದ್ದಿ ಜನರ ಕತೆ ಬೇರೆ ದಾರಿಯದು, ಎರಡನ್ನೂ ಕಲಸುವುದು ಬೇಡ. ಕ್ವಾಂಜಾ ಅಮೆರಿಕದ ಕಪ್ಪು ಜನರ ಹಬ್ಬ. ನಮ್ಮ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಅವರವರ ಹಬ್ಬ ಅವರವರಿಗೆ. ಹಿರಿಯರ ಭಾಷೆ ಅವರಿಂದಲೂ ಹೋಗಿದೆ. ಉಳಿದದ್ದು ಡಮಾಮಿ ವಾದ್ಯ, ಕುಣಿತ. ಅದು ಮಾತ್ರ ಯಾರೂ ಹೊಸದಾಗಿ ಬರೆದದ್ದಲ್ಲ, ಕೈಯಿಂದ ಕೈಗೆ ಬಂದದ್ದು.

ಅಂಗಳದ ಹಕ್ಕಿ · ಜನವರಿ 2

ಹೋಗಿ ಬಂದೆವು. ಎಲ್ಲರಿಗೂ ಮೊದಲು ಧನ್ಯವಾದ.

ಬಾಗಿಲಲ್ಲೇ ಹುಡುಗಿ 'ಹಬಾರಿ ಗಾನಿ' ಅಂದಳು. ನನ್ನ ಮಗಳು ಒಂದು ವಾರದಿಂದ ಕಾಯುತ್ತಿದ್ದಳು, ಗಟ್ಟಿಯಾಗಿ 'ಕುಉಂಬಾ' ಎಂದು ಕೂಗಿದಳು. ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸುಮಾರು ಇಪ್ಪತ್ತು ಜನ ಇದ್ದರು. ಆರು ಬತ್ತಿಗಳನ್ನು ಹಚ್ಚಿದರು, ಪ್ರತಿ ಬತ್ತಿಗೂ ಒಂದೊಂದು ಮಗು ಅದರ ಅರ್ಥ ಹೇಳಿತು. ಒಬ್ಬ ಹುಡುಗ ಕುಉಂಬಾಕ್ಕೆ ತಾನೇ ಬರೆದ ಪದ್ಯ ಓದಿದ.

ಆಮೇಲೆ ಬಟ್ಟಲು. ಅಜ್ಜಿ ಮರದ ಬಟ್ಟಲಿನಲ್ಲಿ ನೀರು ಹಿಡಿದು ನಿಂತರು. ಒಂದು ಹೂಕುಂಡ ಮುಂದೆ ಇತ್ತು. ಸತ್ತುಹೋದವರ ಒಂದೊಂದು ಹೆಸರು ಹೇಳುವುದು, ಸ್ವಲ್ಪ ನೀರು ಮಣ್ಣಿಗೆ ಬಿಡುವುದು, ಸುತ್ತ ನಿಂತವರು 'ಆಶೇ' ಎನ್ನುವುದು. ಯೊರುಬಾ ಮಾತಂತೆ, ಹಾಗೇ ಆಗಲಿ ಎಂದು ಅರ್ಥ. ನಮ್ಮ ತಂದೆ ತರ್ಪಣ ಬಿಡುವುದನ್ನು ನೋಡಿ ಬೆಳೆದವಳಿಗೆ ಇದು ಪರಕೀಯ ಅನಿಸಲಿಲ್ಲ. ಅಜ್ಜಿ ತಮ್ಮ ಅಮ್ಮ, ಅಜ್ಜಿ, ಮುತ್ತಜ್ಜಿ ಎಂದು ಹಿಂದೆ ಹಿಂದೆ ಹೋದರು. ಒಂದು ಹೆಸರಿನಲ್ಲಿ ನಿಂತರು. 1870ರ ಪಟ್ಟಿಯಲ್ಲಿ ಸಿಕ್ಕ ಹೆಸರಂತೆ ಅದು, ಲೂಸಿಯಾನಾದ ಒಬ್ಬ ಹೆಂಗಸು. ಅದಾದ ಮೇಲೆ ಅಜ್ಜಿ, ಹೆಸರು ಗೊತ್ತಿಲ್ಲದವರಿಗೆ ಎಂದು ಹೇಳಿ ಬಟ್ಟಲಲ್ಲಿ ಉಳಿದ ನೀರನ್ನೆಲ್ಲ ಒಂದೇ ಸಲ ಸುರಿದರು. ಕಂಬಳಿಯವರು ಬರೆದದ್ದನ್ನು ಓದಿರದಿದ್ದರೆ ನನಗೆ ಅದು ಏನೆಂದೇ ತಿಳಿಯುತ್ತಿರಲಿಲ್ಲ.

ಆಮೇಲೆ ಬಟ್ಟಲನ್ನು ಮತ್ತೆ ತುಂಬಿ ಬಂದವರಿಗೂ ಕೊಟ್ಟರು. ನನ್ನ ಸರದಿ ಬಂದಾಗ ನಮ್ಮಜ್ಜಿಯ ಹೆಸರು ಹೇಳಿದೆ. ಇಪ್ಪತ್ತು ಜನ ಆಶೇ ಅಂದರು. ನಮ್ಮಜ್ಜಿ ಅರಸೀಕೆರೆ ದಾಟಿ ಹೋದವರಲ್ಲ.

ಊಟಕ್ಕೆ ಮೊದಲು ಎಲ್ಲರೂ ಕೈ ಎತ್ತಿ ಕೆಳಗೆ ಎಳೆಯುತ್ತಾ ಏಳು ಸಲ 'ಹರಾಂಬೇ' ಎಂದರು, ಒಟ್ಟಾಗಿ ಎಳೆಯೋಣ ಎಂದಂತೆ. ಕೊನೆಯ ಸಲ ಉಸಿರು ಇರುವ ತನಕ ಎಳೆದರು. ಮಕ್ಕಳಿಗಂತೂ ಅದೇ ಹಬ್ಬ. ನಮಗೆ ಅಂತ ಬೇರೆ ಪಾತ್ರೆಯಲ್ಲಿ ಮಾಂಸ ಹಾಕದ ಸೊಪ್ಪು, ಸಿಹಿಗೆಣಸಿನ ಪೈ, ಮುಸುಕಿನ ಜೋಳದ ಬ್ರೆಡ್ ಇಟ್ಟಿದ್ದರು. ಉಸಲಿ ನೋಡಿ ಅಜ್ಜಿ ಚಮಚ ಹಿಡಿದು ನಿಂತುಬಿಟ್ಟರು. ಇದು ನಮ್ಮ ಕಾಳು, ನಿಮಗೆ ಹೇಗೆ ಗೊತ್ತು ಅಂದರು. ಜೋಳದ ತೆನೆಯವರು ಹೇಳಿದ್ದನ್ನು ಹೇಳಿದೆ. ಅವರು ಇನ್ನಿಬ್ಬರನ್ನು ಕರೆದು ಮತ್ತೆ ನನ್ನ ಬಾಯಿಂದ ಹೇಳಿಸಿದರು.

ಮಗಳಿಗೆ ಒಂದು ಪುಸ್ತಕ ಸಿಕ್ಕಿತು. ನಾವೂ ಹುಡುಗಿಗೆ ಪುಸ್ತಕವೇ ಕೊಟ್ಟೆವು, ಜೊತೆಗೆ ಮಗಳು ತಾನೇ ಹೆಣೆದ ಒಂದು ದಾರದ ಬಳೆ.

ನಿನ್ನೆ ಬೆಳಿಗ್ಗೆ ಮಗಳು ಕೇಳಿದಳು, ನಿನ್ನ ಅಜ್ಜಿಯ ಅಮ್ಮನ ಹೆಸರು ಏನು? ನನಗೆ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿದೆ. ಅಪ್ಪ ತಮ್ಮ ಅಪ್ಪ, ತಾತ, ಮುತ್ತಾತ ಎಂದು ನಾಲ್ಕು ಹೆಸರು ಉಸಿರು ಬಿಡದೆ ಹೇಳಿದರು. ಹೆಂಗಸರದು ಕೇಳಿದರೆ ಎರಡಕ್ಕೆ ನಿಂತಿತು. ಅಮ್ಮ, ತಿಪಟೂರಿನ ದೊಡ್ಡಮ್ಮನಿಗೆ ಗೊತ್ತಿರಬಹುದು, ಕೇಳಿ ಹೇಳುತ್ತೇನೆ ಅಂದಿದ್ದಾರೆ.

ಬಿಳಿ ನೂಲು · ಜನವರಿ 2

ಹೆಸರು ಗೊತ್ತಿಲ್ಲದವರಿಗೆ ಎಂದು ನೀರು ಬಿಟ್ಟದ್ದನ್ನು ಓದಿದ ಮೇಲೆ ನನ್ನ ಮೊದಲ ಪ್ರಶ್ನೆಯನ್ನು ವಾಪಸ್ ತಗೊಳ್ಳುತ್ತೇನೆ.

ಜೋಳದ ತೆನೆ · ಜನವರಿ 3

ದೊಡ್ಡಮ್ಮ ಏನಂದರು ಬರೆಯಿರಿ. ಉಸಲಿಗೆ ಕಾಯಿತುರಿ ಹಾಕಿದ್ದಿರಾ?

ಅಂಗಳದ ಹಕ್ಕಿ · ಜನವರಿ 4

ಹಾಕಿದ್ದೆ, ನಿಂಬೆರಸವೂ. ಅಜ್ಜಿ ಮಾಡುವ ವಿಧಾನ ಕೇಳಿದ್ದಾರೆ, ಭಾನುವಾರ ಅವರ ಅಡುಗೆಮನೆಯಲ್ಲೇ ಮಾಡಿ ತೋರಿಸುತ್ತೇನೆ.

ದೊಡ್ಡಮ್ಮನಿಗೆ ನೆನಪಿತ್ತು. ನಂಜಮ್ಮ ಅಂತೆ.